ದಮ್ಮು ಎಂಬ ಕೀಲಿ

ಬೆಂಗಳೂರಿನ ಹಾಸ್ಟೆಲಿನಲ್ಲಿ ನಾನು ಬಂಗಾರಪೇಟೆಯವಳು ಎಂದರೆ ಕೇಳಿದವರ ಬಾಯಿಂದ ಎರಡರಲ್ಲಿ ಒಂದು ಮಾತು ಬರುತ್ತದೆ. ಪಾನಿಪುರಿ, ಇಲ್ಲವೇ ಕೆಜಿಎಫ್. ಪಾನಿಪುರಿಯ ಬಗ್ಗೆ ನನ್ನ ತಕರಾರಿಲ್ಲ. ನಮ್ಮೂರಿನ ಗಾಡಿಗಳಲ್ಲಿ ಕೊಡುವ, ನೋಡಲು ಬರೀ ನೀರಿನಂತಿರುವ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರಿಸುವ ಆ ಪಾನಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿದೆ. ಕೆಜಿಎಫ್ ಎಂದಾಗ ಮಾತ್ರ ಅವರ ಮನಸ್ಸಿನಲ್ಲಿರುವುದು 2018ರ ಸಿನಿಮಾ. ಆ ಮೂರು ಅಕ್ಷರಗಳ ಎದುರು ಅದಕ್ಕೂ ಮೊದಲು ಬೇರೆ ಏನೋ ಬರೆದಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಹಿಡಿದ ಗಣಿಗಳು, 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ಬಂದ ಕರೆಂಟು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್, 2001ರ ಫೆಬ್ರವರಿ 28ರಂದು ನಿಂತ ಕೆಲಸ. ಇದನ್ನೆಲ್ಲ ಯಾರೂ ಕುಳಿತು ಅಳಿಸಲಿಲ್ಲ. ಹೊಸದೊಂದು ಬಂದು ಅದೇ ಜಾಗದಲ್ಲಿ ಕೂತಿತು, ಅಷ್ಟೆ. ಕಂಪ್ಯೂಟರಿನವರು ಇದಕ್ಕೆ ಓವರ್‌ರೈಟ್ ಎನ್ನುತ್ತಾರೆ.

ನನ್ನ ಪಿಎಚ್‌ಡಿ ಕೆಲಸ ಈ ಜಾಗದ ಪದಗಳದ್ದು. ಗಣಿ ನಡೆಯುತ್ತಿದ್ದಾಗ ಕೆಜಿಎಫ್‌ನ ಕಾರ್ಮಿಕರ ಸಾಲುಮನೆಗಳಲ್ಲಿ ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಒಂದರೊಳಗೊಂದು ಬೆರೆತು ಹುಟ್ಟಿದ ಮಾತು, ಗಣಿ ಮುಚ್ಚಿದ ಮೇಲೆ ರೈಲು ಹತ್ತಿ ಬಂಗಾರಪೇಟೆಗೂ ಅಲ್ಲಿಂದಾಚೆಗೂ ಬಂದಾಗ ಏನಾಯಿತು ಎಂಬುದು ನನ್ನ ಪ್ರಶ್ನೆ. ಓದಿದ್ದು ಸಾಹಿತ್ಯ. ಪ್ರೋಗ್ರಾಮಿಂಗ್ ಕಲಿತದ್ದು ವಿಧಿಯಿಲ್ಲದೆ. ಚೀಟಿಗಳ ಕಟ್ಟು ಒಂದು ಶೂ ಡಬ್ಬಿಯನ್ನು ಮೀರಿ ಎರಡನೆಯದಕ್ಕೆ ಇಳಿದ ಮೇಲೆ ಪಕ್ಕದ ಲ್ಯಾಬಿನ ಗೆಳತಿಯೊಬ್ಬಳು ಪೈಥಾನ್ ಕಲಿಸಿದಳು.

ಆ ಭಾಷೆಯಲ್ಲಿ ನನ್ನಂಥವರಿಗೆಂದೇ ಮಾಡಿದಂತಿರುವ ಒಂದು ವಸ್ತುವಿದೆ. ಅದರ ಹೆಸರೇ ಡಿಕ್ಷನರಿ. ಬೇರೆ ಭಾಷೆಗಳಲ್ಲಿ ಇದನ್ನು ಮ್ಯಾಪ್ ಎಂದೋ ಹ್ಯಾಶ್ ಎಂದೋ ಕರೆಯುತ್ತಾರೆ. ಒಂದು ಕೀಲಿ, ಅದರ ಎದುರು ಒಂದು ಮೌಲ್ಯ. (ವ್ಯಾಲ್ಯೂವನ್ನು ಮೌಲ್ಯ ಎಂದ ಕೂಡಲೇ ನನಗೆ ನೀತಿಪಾಠದ ಪೀರಿಯಡ್ ನೆನಪಾಗುತ್ತದೆ. ಒಳ್ಳೆಯ ಪದ ಸಿಗುವ ತನಕ ಸಹಿಸಿಕೊಳ್ಳಬೇಕು.) ಕೀಲಿ ಕೊಟ್ಟರೆ ಮೌಲ್ಯ ಸಿಗುತ್ತದೆ, ಅದೂ ಪುಟ ತಿರುವದೆ, ತಕ್ಷಣ. ಷರತ್ತು ಒಂದೇ. ಒಂದು ಕೀಲಿ ಒಂದೇ ಸಲ ಇರಬಹುದು. ಹೆಸರಿಗೆ ಡಿಕ್ಷನರಿಯಾದರೂ ನಿಜವಾದ ನಿಘಂಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆಗೆದರೆ ಒಂದೇ ಕಾಗುಣಿತದ ಪದ 1, 2, 3 ಎಂಬ ಅಂಕಿ ಹೊತ್ತು ಒಂದರ ಕೆಳಗೊಂದು ನಿಂತಿರುತ್ತದೆ. ಕಾಗದಕ್ಕೆ ಅಷ್ಟು ಸೈರಣೆ ಇದೆ. ಪೈಥಾನಿನ ಡಿಕ್ಷನರಿಗೆ ಇಲ್ಲ.

ಇಂಥ ಮ್ಯಾಪುಗಳನ್ನು ಹಿಡಿದು ಕೆಲಸ ಮಾಡುವವರೆಲ್ಲ ಬೇಗನೆ ಒಂದು ಚಟಕ್ಕೆ ಬೀಳುತ್ತಾರೆ. ಪದೇಪದೇ ಮಾಡುವ ಕೆಲಸಗಳಿಗೆ ಸಣ್ಣ ಸಣ್ಣ ಫಂಕ್ಷನ್‌ಗಳನ್ನು ಬರೆದು ಯುಟಿಲ್ಸ್ ಎಂಬ ಕಡತದಲ್ಲಿ ಇಟ್ಟುಕೊಳ್ಳುವುದು. ಎಲ್ಲ ಮೌಲ್ಯಗಳಿಗೂ ಒಂದೇ ಕೆಲಸ ಮಾಡುವುದೊಂದು, ಎಲ್ಲ ಕೀಲಿಗಳನ್ನು ಬದಲಿಸುವುದೊಂದು, ಕೀಲಿಯನ್ನೂ ಮೌಲ್ಯವನ್ನೂ ಅದಲುಬದಲು ಮಾಡುವುದೊಂದು, ಎರಡು ಮ್ಯಾಪುಗಳನ್ನು ಕೂಡಿಸುವುದೊಂದು. ಇವಕ್ಕೆ ಒಳಗೇನಿದೆ ಎಂದು ಗೊತ್ತಿರಬೇಕಿಲ್ಲ. ಅಡುಗೆಮನೆಯ ಇಕ್ಕಳದ ಹಾಗೆ. ಪಾತ್ರೆಯಲ್ಲಿ ಹಾಲಿದೆಯೋ ಸಾರಿದೆಯೋ ಇಕ್ಕಳಕ್ಕೆ ಬೇಡ, ಅಂಚು ಸಿಕ್ಕರೆ ಸಾಕು. ಕ್ಲೋಜರ್ ಎಂಬ ಭಾಷೆ 2007ರಲ್ಲಿ ಬಂತು. ಮೌಲ್ಯಗಳನ್ನೂ ಕೀಲಿಗಳನ್ನೂ ಹೀಗೆ ಸಾರಾಸಗಟಾಗಿ ಬದಲಿಸುವ ಎರಡು ಫಂಕ್ಷನ್‌ಗಳು ಅದರ ಮೂಲ ಗ್ರಂಥಾಲಯಕ್ಕೆ ಸೇರಿದ್ದು 2022ರಲ್ಲಿ, 1.11ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಆ ಭಾಷೆ ಬರೆಯುವವರು ತಂತಮ್ಮ ಇಕ್ಕಳವನ್ನು ತಾವೇ ಬಗ್ಗಿಸಿಕೊಳ್ಳುತ್ತಿದ್ದರು. ಗೋ ಭಾಷೆಯವರಿಗೆ ಅಂಥದೊಂದು ಪೆಟ್ಟಿಗೆ ಸಿಕ್ಕಿದ್ದು 2023ರಲ್ಲಿ. ಇಷ್ಟು ಸರಳವಾದದ್ದಕ್ಕೆ ಇಷ್ಟು ತಡವೇಕೆ ಎಂದು ನನಗೆ ಮೊದಲು ಆಶ್ಚರ್ಯವಾಗಿತ್ತು. ಬಳಸುತ್ತಾ ಹೋದಂತೆ ಆಶ್ಚರ್ಯ ಕಡಿಮೆಯಾಯಿತು. ಕೀಲಿಗಳನ್ನು ಬದಲಿಸುವ ಆ ಕ್ಲೋಜರ್ ಫಂಕ್ಷನ್ನಿನ ಕೈಪಿಡಿಯಲ್ಲೇ ಒಂದು ಎಚ್ಚರಿಕೆ ಇದೆ: ಬದಲಿಸಿದ ಮೇಲೆ ಎರಡು ಕೀಲಿಗಳು ಒಂದೇ ಆಗಬಾರದು, ಆದರೆ ಮುಂದಿನದಕ್ಕೆ ನಾವು ಹೊಣೆಯಲ್ಲ.

ಎರಡು ಕೀಲಿಗಳು ಒಂದೇ ಎಂದು ಯಾರು ಹೇಳಬೇಕು? ಕೋಲಾರ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಸಾಮಾನ್ಯವಾಗಿ ಐದು ಸಂಕೇತ. ಆದರೆ ಕೋ ಎಂಬುದರ ಓತ್ವವನ್ನು ಎತ್ವ, ಊತ್ವ, ದೀರ್ಘ ಎಂದು ಬಿಡಿಸಿ ಬರೆಯಲೂ ಯೂನಿಕೋಡ್‌ನಲ್ಲಿ ಅವಕಾಶವಿದೆ. ಹಾಗೆ ಬರೆದರೆ ಏಳು ಸಂಕೇತ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೆಯ ಫಾಂಟಿನ ಕಡತಗಳಿಂದ ಪರಿವರ್ತಿಸಿದ ಒಂದು ಪಟ್ಟಿ ನನಗೆ ಸಿಕ್ಕಿತ್ತು. ಅದನ್ನು ಮ್ಯಾಪಿಗೆ ಹಾಕಿದಾಗ ಎರಡು ಕೋಲಾರಗಳು ಅಕ್ಕಪಕ್ಕ ಕೂತಿದ್ದವು, ಒಂದಕ್ಕೊಂದು ಪರಿಚಯವೇ ಇಲ್ಲದವರ ಹಾಗೆ. ಇದಕ್ಕೆ ಮದ್ದಿದೆ. ಯೂನಿಕೋಡ್‌ನ ಪ್ರಮಾಣೀಕರಣ ನಿಯಮ ಏಳನ್ನು ಐದಕ್ಕೆ ಇಳಿಸುತ್ತದೆ, ಪೈಥಾನಿನಲ್ಲಿ ಒಂದೇ ಸಾಲು. ಬೌರಿಂಗ್‌ಪೇಟೆಯ ನಡುವೆ ಇರುವ, ಕಣ್ಣಿಗೆ ಕಾಣದ, ಅಗಲವಿಲ್ಲದ ಆ ಒಂದು ಸಂಕೇತವನ್ನು ಮಾತ್ರ ಆ ನಿಯಮ ಮುಟ್ಟುವುದಿಲ್ಲ. ಅದಕ್ಕೆ ಬೇರೆ ಸಾಲು ಬರೆಯಬೇಕು. ಇನ್ನು ಬೌರಿಂಗ್‌ಪೇಟೆಯೂ ಬಂಗಾರಪೇಟೆಯೂ ಒಂದೇ ಊರು, 1860ರ ದಶಕದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬನ ಹೆಸರು ಊರಿನ ಬಾಯಲ್ಲಿ ಬಂಗಾರವಾಯಿತು ಎಂಬುದನ್ನು ಯಾವ ಯೂನಿಕೋಡ್ ನಿಯಮವೂ ಹೇಳಿಕೊಡುವುದಿಲ್ಲ. ಅದನ್ನು ಊರಿನವರೇ ಹೇಳಬೇಕು.

ಕೀಲಿಯ ಈ ಜಗಳ ಗಣಿಗೆ ಹೊಸದಲ್ಲ. ಸಾವಿರಾರು ಕೂಲಿಗಳು, ಹೆಸರುಗಳೋ ಎಣಿಸಿದಷ್ಟು. ಒಂದೇ ಲೈನಿನಲ್ಲಿ ಹತ್ತು ಮುನಿಸ್ವಾಮಿಗಳಿರಬಹುದು. ಒಬ್ಬ ಒಂದು ಗಣಿ ಬಿಟ್ಟು ಇನ್ನೊಂದರಲ್ಲಿ ಬೇರೆ ಹೆಸರು ಹೇಳಿ ಸೇರಿಕೊಳ್ಳಬಹುದು. ಆಡಳಿತಕ್ಕೆ ಬೇಕಿದ್ದದ್ದು ಬದಲಾಗದ, ಇನ್ನೊಬ್ಬನಿಗೆ ಹೊಂದದ ಒಂದು ಕೀಲಿ. 1930ರಲ್ಲಿ ಬೆರಳಚ್ಚು ತೆಗೆದು ನೋಂದಾಯಿಸುವ ಪದ್ಧತಿ ತಂದಾಗ ಕಾರ್ಮಿಕರು ಮುಷ್ಕರ ಹೂಡಿದರು. ಜಾನಕಿ ನಾಯರ್ ಅವರು ಕೆಜಿಎಫ್ ಮತ್ತು ಬೆಂಗಳೂರಿನ ಕಾರ್ಮಿಕರ ಬಗ್ಗೆ ಬರೆದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕವನ್ನು ಓದಿದ ಮೇಲೆ ನನಗೆ ಪ್ರೋಗ್ರಾಮಿಂಗ್ ಪಾಠದ ಒಂದು ಪದ ಬೇರೆ ಥರ ಕೇಳಿಸತೊಡಗಿತು. ಮ್ಯಾಪುಗಳು ಕೀಲಿಯನ್ನು ಬೇಗ ಹುಡುಕುವುದು ಹ್ಯಾಶ್ ಎಂಬ ಲೆಕ್ಕದಿಂದ: ಎಷ್ಟು ಉದ್ದದ ಕೀಲಿಯನ್ನೇ ಆಗಲಿ ಹಿಂಡಿ ಒಂದು ಸಂಖ್ಯೆ ಮಾಡುವುದು. ಅದೇ ಜಾತಿಯ ಲೆಕ್ಕಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಇನ್ನೊಂದು ಹೆಸರಿದೆ, ಫಿಂಗರ್‌ಪ್ರಿಂಟ್.

ಈಗ ಕೂಡಿಸುವ ಕೆಲಸಕ್ಕೆ ಬರುತ್ತೇನೆ. ನನ್ನ ಬಳಿ ಎರಡು ಪಟ್ಟಿಗಳು ತಯಾರಾದವು. ಒಂದು ಕೆಜಿಎಫ್‌ನ ಲೈನುಗಳಲ್ಲಿ ಇನ್ನೂ ಇರುವ ಹಿರಿಯರಿಂದ ಕೇಳಿ ಬರೆದುಕೊಂಡದ್ದು. ಇನ್ನೊಂದು ಬಂಗಾರಪೇಟೆಯಲ್ಲಿ, ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ನನ್ನ ಓರಗೆಯವರಿಂದ ಸಿಕ್ಕಿದ್ದು. ಎರಡನ್ನೂ ಕೂಡಿಸಿ ಒಂದು ಪದಕೋಶ ಮಾಡಬೇಕು. ಪೈಥಾನಿನಲ್ಲಿ ಇದಕ್ಕೆ ಅಪ್‌ಡೇಟ್ ಎಂಬ ಫಂಕ್ಷನ್ ಇದೆ. 2020ರ 3.9 ಆವೃತ್ತಿಯಿಂದ ಒಂದು ಲಂಬ ಗೆರೆ ಎಳೆದರೂ ಸಾಕು, ಎರಡು ಮ್ಯಾಪು ಒಂದಾಗುತ್ತವೆ. ಒಂದೇ ಕೀಲಿ ಎರಡರಲ್ಲೂ ಇದ್ದರೆ? ಕೊನೆಗೆ ಬಂದದ್ದು ಉಳಿಯುತ್ತದೆ. ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ಇದು ತಿರುವುಮುರುವು, ಮೊದಲು ಬಂದದ್ದು ಉಳಿಯುತ್ತದೆ. ಮಾರಿಕುಪ್ಪಂನಿಂದ ಬರುವ ರೈಲಿನಲ್ಲಿ ಟವೆಲು ಹಾಸಿ ಸೀಟು ಹಿಡಿಯುವವರಿಗೆ ಹ್ಯಾಸ್ಕೆಲ್ ಒಪ್ಪಿಗೆಯಾದೀತು. ಆದರೆ ಎರಡೂ ಕಡೆ ಒಬ್ಬರಿಗೇ ಸೀಟು, ಇನ್ನೊಬ್ಬರು ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಇದು ದೋಷವೇ ಅಲ್ಲ.

ಇದರ ಪರಿಣಾಮ ಹೇಗಿರುತ್ತದೆಂದು ತಿಳಿಯಲು ದೊಡ್ಡ ಉದಾಹರಣೆ ಬೇಡ. ನಮ್ಮ ಮನೆಯಲ್ಲಿ ಅವ್ವ ಎಂದರೆ ಅಜ್ಜಿ, ನಮ್ಮದು ತೆಲುಗು ಮನೆ. ನನ್ನ ಧಾರವಾಡದ ರೂಮ್‌ಮೇಟಿಗೆ ಅವ್ವ ಎಂದರೆ ತಾಯಿ. ಅವಳ ಪಟ್ಟಿಯನ್ನು ನನ್ನದರ ಮೇಲೆ ಸುರಿದರೆ ನನ್ನ ಅಜ್ಜಿ ಒಂದು ತಲೆಮಾರು ಕೆಳಗಿಳಿಯುತ್ತಾಳೆ. ಲೈನು ಎಂದರೆ ಕೆಜಿಎಫ್‌ನಲ್ಲಿ ಸಾಲುಮನೆ. ಜಂಕ್ಷನ್ ಊರಾದ ಬಂಗಾರಪೇಟೆಯಲ್ಲಿ ರೈಲು ಹಳಿ. ಸೈನೈಡು ಎಂದರೆ ಇಲ್ಲಿನ ಹುಡುಗರಿಗೆ ಪತ್ತೇದಾರಿ ಕತೆಯ ವಿಷ. ಅಲ್ಲಿನವರಿಗೆ ಅದು ಅದಿರಿನಿಂದ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಬೂದು ಗುಡ್ಡ, ಮಕ್ಕಳು ಜಾರುಬಂಡೆ ಆಡಿದ ಜಾಗ, ಗಾಳಿಯ ದಿನಗಳಲ್ಲಿ ಅನ್ನದ ತಟ್ಟೆಗೆ ಬಂದು ಬೀಳುವ ದೂಳು.

ಮತ್ತೆ ದಮ್ಮು. ಪರ್ಷಿಯನ್ನಿನ ಉಸಿರು ನಮ್ಮ ಎಲ್ಲ ಭಾಷೆಗಳಿಗೂ ಹೀಗೆ ಹೊಕ್ಕಿದೆ. ಬಂಗಾರಪೇಟೆಯ ಪಟ್ಟಿಯಲ್ಲಿ ಅದರ ಎದುರು ಇದ್ದದ್ದು ತಾಕತ್ತು, ಧೈರ್ಯ. ದಮ್ಮಿದ್ರೆ ಬಾ ಎನ್ನುವಾಗಿನ ದಮ್ಮು. ಜೊತೆಗೆ ಬೀಡಿ ಸಿಗರೇಟಿನ ಒಂದು ಎಳೆತ. ಲೈನುಗಳ ಪಟ್ಟಿಯಲ್ಲಿ ಇದ್ದದ್ದು ಕಾಯಿಲೆ. ಉಬ್ಬಸ ಎಂದು ಸುಮ್ಮನೆ ಬರೆದುಬಿಡಬಹುದಾಗಿತ್ತು. ಆದರೆ ಹೇಳಿದವರು ಬೇರೆ ಮಾಡಿ ಹೇಳಿದ್ದರು: ಹುಟ್ಟಿನಿಂದ ಬರುವ ಉಬ್ಬಸ ಬೇರೆ, ಕೆಳಗೆ ಇಳಿದವರಿಗೆ ಬರುವ ದಮ್ಮು ಬೇರೆ. ಕೆಳಗೆ ಎಂದರೆ ಗಣಿಗೆ. ಅಲ್ಲಿನ ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ, ಗಾಯ ಗಟ್ಟಿಯಾಗುತ್ತದೆ, ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ ಬೆಳೆಯುತ್ತಲೇ ಇರುತ್ತದೆ. ವೈದ್ಯರ ಭಾಷೆಯಲ್ಲಿ ಸಿಲಿಕೋಸಿಸ್. ಎರಡು ಪಟ್ಟಿಗಳನ್ನು ಒಂದು ಗೆರೆ ಎಳೆದು ಕೂಡಿಸಿದರೆ, ಬಂಗಾರಪೇಟೆಯದು ಎರಡನೆಯದಾಗಿ ಬಂದರೆ, ಈ ದಮ್ಮಿನ ಜಾಗದಲ್ಲಿ ಧೈರ್ಯ ಎಂದು ಬರುತ್ತದೆ.

ನನ್ನ ತಾತ ಚಾಂಪಿಯನ್ ರೀಫ್‌ನಲ್ಲಿ ಕಲ್ಲು ಕೊರೆಯುವ ಮೆಷಿನ್ ಹಿಡಿದವರು. ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ಕೊನೆಯ ಎರಡು ವರ್ಷ ಮಲಗಲಾಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಅವ್ವ ಅದನ್ನು ಯಾವತ್ತೂ ದಮ್ಮು ಎಂದೇ ಕರೆದಳು. ಮನೆಯ ಟ್ರಂಕಿನಲ್ಲಿರುವ ಆಸ್ಪತ್ರೆಯ ಚೀಟಿಯಲ್ಲಿ ಟಿಬಿ ಎಂದಿದೆ. ಚಿಕ್ಕಪ್ಪ ಬೀಡಿ ಎನ್ನುತ್ತಾರೆ, ಅದೂ ಒಂಥರಾ ದಮ್ಮೇ. ಈ ಮೂರರಲ್ಲಿ ಒಂದನ್ನು ಆರಿಸು ಎಂದರೆ ಆರಿಸಲು ನನಗೆ ಯಾವ ಅಧಿಕಾರವೂ ಇಲ್ಲ. ಸಿಲಿಕೋಸಿಸ್ ಇರುವವರಿಗೆ ಟಿಬಿ ತಗಲುವ ಸಂಭವ ಹೆಚ್ಚು, ಎರಡೂ ಒಟ್ಟಿಗೇ ಇರಬಹುದು. ಬೀಡಿಯಂತೂ ಇತ್ತು. ಚೀಟಿ ಸುಳ್ಳಲ್ಲದಿರಬಹುದು, ಅವ್ವನ ಮಾತು ಖಂಡಿತ ಸುಳ್ಳಲ್ಲ. ಆದರೆ ಒಂದು ಕೀಲಿಗೆ ಒಂದೇ ಮೌಲ್ಯ ಎಂಬ ಕಡೆಯಲ್ಲೆಲ್ಲ ಗೆಲ್ಲುವುದು ಸೀಲು ಇರುವ ಕಾಗದ. ಗಣಿಯ ಕಾಯಿಲೆ ಎಂದು ಬರೆದಿದ್ದರೆ ಪರಿಹಾರ ಕೇಳಲು ದಾರಿ ಇರುತ್ತಿತ್ತು. ಟಿಬಿ ಎಂಬುದಕ್ಕೆ ಮಾತ್ರೆ ಸಿಗುತ್ತದೆ.

ಹಾಗಾಗಿ ನಾನು ಬಳಸಿದ್ದು ಇನ್ನೊಂದು ಜಾತಿಯ ಫಂಕ್ಷನ್. ಕೂಡಿಸುವಾಗ ಡಿಕ್ಕಿಯಾದರೆ ಏನು ಮಾಡಬೇಕು ಎಂದು ಅದು ಮೊದಲೇ ಕೇಳಿಕೊಳ್ಳುತ್ತದೆ, ನಾವು ಉತ್ತರವನ್ನು ಇನ್ನೊಂದು ಪುಟ್ಟ ಫಂಕ್ಷನ್ ರೂಪದಲ್ಲಿ ಕೈಗೆ ಕೊಡಬೇಕು. ಹ್ಯಾಸ್ಕೆಲ್, ಕ್ಲೋಜರ್‌ಗಳಲ್ಲಿ ಇಂಥದು ಸಿದ್ಧವಾಗಿದೆ, ಜಾವಾಕ್ಕೆ 2014ರಲ್ಲಿ ಹತ್ತಿರದ್ದೊಂದು ಬಂತು, ಪೈಥಾನಿನಲ್ಲಿ ನಾವೇ ಬರೆದುಕೊಳ್ಳಬೇಕು. ಆರು ಸಾಲು. ಎರಡು ಸಂಖ್ಯೆ ಎದುರಾದರೆ ಕೂಡು ಎನ್ನಬಹುದು, ದೊಡ್ಡದನ್ನು ಉಳಿಸು ಎನ್ನಬಹುದು. ನಾನು ಎರಡನ್ನೂ ಉಳಿಸು, ಯಾರು ಎಲ್ಲಿ ಹೇಳಿದ್ದು ಎಂಬುದನ್ನೂ ಜೊತೆಗಿಡು ಎಂದೆ. ಈ ಫಂಕ್ಷನ್ನಿಗೂ ದಮ್ಮು ಎಂದರೇನು ಗೊತ್ತಿಲ್ಲ, ಇಕ್ಕಳ ಇಕ್ಕಳವೇ. ನಿರ್ಧಾರದ ಜಾಗವನ್ನು ಮುಚ್ಚಿಡದೆ ತೆರೆದಿಟ್ಟಿದೆ ಎಂಬುದಷ್ಟೇ ನನಗೆ ಅದರಲ್ಲಿ ಇಷ್ಟವಾದದ್ದು.

ಇಲ್ಲದಿರುವುದರ ವಿಷಯ ಇದಕ್ಕಿಂತ ನಾಜೂಕು. ಮ್ಯಾಪಿನಲ್ಲಿಲ್ಲದ ಕೀಲಿಯನ್ನು ಕೇಳಿದರೆ ಪೈಥಾನ್ ಸಿಟ್ಟಾಗುತ್ತದೆ. ಸಿಟ್ಟಾಗದಂತೆ ಕೇಳಲು ಗೆಟ್ ಇದೆ: ಸಿಕ್ಕರೆ ಕೊಡು, ಸಿಗದಿದ್ದರೆ ಇದನ್ನು ಕೊಡು ಎಂದು ಒಂದು ಬದಲಿ ಮೌಲ್ಯವನ್ನೂ ಹೇಳಬಹುದು. ಬದಲಿ ಹೇಳದಿದ್ದರೆ ನನ್ ಎಂಬ ಶೂನ್ಯ ಬರುತ್ತದೆ. ಕೀಲಿಯೇ ಇಲ್ಲದಿದ್ದರೂ ನನ್, ಕೀಲಿ ಇದ್ದು ಅದರೆದುರು ನನ್ ಎಂದೇ ಬರೆದಿದ್ದರೂ ನನ್. ಹೊರಗಿನಿಂದ ನೋಡುವವರಿಗೆ ಎರಡಕ್ಕೂ ವ್ಯತ್ಯಾಸವಿಲ್ಲ. ನನ್ನ ಕೆಲಸದಲ್ಲಿ ಆ ವ್ಯತ್ಯಾಸವೇ ಎಲ್ಲ. ನಾನು ಕೇಳಲೇ ಇಲ್ಲ ಎಂಬುದು ಒಂದು. ಕೇಳಿದೆ, ಅವರಿಗೆ ಗೊತ್ತಿರಲಿಲ್ಲ ಎಂಬುದು ಇನ್ನೊಂದು. ಕೇಳಿದೆ, ಗೊತ್ತಿತ್ತು, ಹೇಳಲಿಲ್ಲ ಎಂಬುದು ಮತ್ತೊಂದು. ಒಂದು ಲೈನಿನಲ್ಲಿ ಹಿರಿಯರೊಬ್ಬರು ಜೊತೆಗೆ ಇಳಿದು ಮೇಲೆ ಬಾರದವರ ಸುದ್ದಿಗೆ ಬಂದಾಗಲೆಲ್ಲ ಮಾತು ನಿಲ್ಲಿಸಿ ಟೀ ತರಿಸುತ್ತಿದ್ದರು. ಅಲ್ಲಿ ಗೊತ್ತಿಲ್ಲ ಎಂದು ತುಂಬಿದರೆ ಅವರ ಬಗ್ಗೆ ಸುಳ್ಳು ಬರೆದ ಹಾಗೆ. ನನ್ನ ಪಟ್ಟಿಯಲ್ಲಿ ಈ ಮೂರಕ್ಕೂ ಮೂರು ಬೇರೆ ಗುರುತುಗಳಿವೆ.

ಪೈಥಾನಿನಲ್ಲಿ ಡಿಫಾಲ್ಟ್‌ಡಿಕ್ಟ್ ಎಂಬ ಇನ್ನೊಂದು ಬಗೆಯ ಡಿಕ್ಷನರಿ ಇದೆ, ಬಹಳ ಜನಪ್ರಿಯ. ಇಲ್ಲದ ಕೀಲಿ ಕೇಳಿದರೆ ಬದಲಿ ಮೌಲ್ಯವೊಂದನ್ನು ಆ ಕ್ಷಣದಲ್ಲೇ ಸೃಷ್ಟಿಸಿ ಕೊಡುತ್ತದೆ. ಕೊಡುವುದಷ್ಟೇ ಅಲ್ಲ, ಒಳಗೆ ಬರೆದೂ ಇಡುತ್ತದೆ. ಚೌಕಕಂಸದಲ್ಲಿ ಕೀಲಿಯನ್ನಿಟ್ಟು ನೋಡಿದಿರೋ, ಅದು ಹುಟ್ಟಿತು. ಮುಂದೆ ಎಣಿಸಿದರೆ ಅದೂ ಲೆಕ್ಕಕ್ಕೆ. ಇದನ್ನು ಓದಿದ ದಿನ ನನಗೆ ಒಬ್ಬ ಅಜ್ಜಿ ನೆನಪಾದರು. ಮೊದಲ ಭೇಟಿಯಲ್ಲಿ ಸಿಲಿಕೋಸಿಸ್ ಎಂಬ ಮಾತು ಕೇಳಿದ್ದೀರಾ ಎಂದಾಗ, ಇಲ್ಲಮ್ಮಾ ಎಂದು ತಲೆಯಾಡಿಸಿದ್ದರು. ಮೂರು ತಿಂಗಳು ಬಿಟ್ಟು ಹೋದಾಗ ಪಕ್ಕದ ಮನೆಯವರಿಗೆ ನನ್ನನ್ನು ತೋರಿಸಿ, ಈ ಹುಡುಗಿ ಸಿಲಿಕೋಸಿಸ್ ವಿಷಯಕ್ಕೆ ಬರ್ತಾಳೆ, ನಮ್ಮ ಯಜಮಾನರಿಗೂ ಅದೇ ಇತ್ತು, ಅಂದರು. ಆ ಪದವನ್ನು ಅವರ ಪಟ್ಟಿಗೆ ಸೇರಿಸಬೇಕೆ? ಸೇರಿಸಿದ್ದೇನೆ, ತಾರೀಖಿನ ಸಮೇತ, ಮೊದಲು ಕೇಳಿದವಳು ನಾನೇ ಎಂಬ ಟಿಪ್ಪಣಿಯ ಸಮೇತ. ಉಳಿದ ಪಟ್ಟಿಗೆ ಡಿಫಾಲ್ಟ್‌ಡಿಕ್ಟ್ ಬಳಸುವುದಿಲ್ಲ.

ನಮ್ಮ ಮಾರ್ಗದರ್ಶಕರಿಗೆ ಅನುಬಂಧ ಅಚ್ಚುಕಟ್ಟಾಗಿರಬೇಕು. ಪದ, ಅರ್ಥ, ಎರಡು ಕಾಲಂ. “ಓದುವವರಿಗೆ ಸುಲಭವಾಗಬೇಕಲ್ಲಮ್ಮ, ಒಂದೊಂದು ಪದಕ್ಕೂ ಪಂಚಾಯ್ತಿ ಸೇರಿಸಿದರೆ ಹೇಗೆ?” ಎಂದರು. ಅವರ ಮಾತಿನಲ್ಲಿ ಹುರುಳಿದೆ. ಎಲ್ಲ ಪದಕ್ಕೂ ಪಂಚಾಯ್ತಿ ಬೇಕಿಲ್ಲ, ಶಾಫ್ಟು ಎಂದರೆ ಎಲ್ಲರಿಗೂ ಶಾಫ್ಟೇ. ಕೊನೆಗೆ ಎರಡು ಕಾಲಮ್ಮಿಗೇ ಒಪ್ಪಂದವಾಯಿತು, ಆದರೆ ಡಿಕ್ಕಿಯಾದ ಪದಗಳಲ್ಲಿ ಎರಡನೆಯ ಕಾಲಂ ಎಷ್ಟು ಉದ್ದವಾದರೂ ಸರಿ. ದಮ್ಮು ಈಗ ಅರ್ಧ ಪುಟ ಹಿಡಿದಿದೆ. ಮೊದಲು ಲೈನಿನವರದು, ಆಮೇಲೆ ರೈಲಿನವರದು. ಪಟ್ಟಿಗಳು ಸೇರಿದ ಕ್ರಮವೇ ಹಾಗಿತ್ತು.

ಇನ್ನೊಂದು ಪಟ್ಟಿ ಬಾಕಿ ಇದೆ. ಆಂಡರ್‌ಸನ್‌ಪೇಟೆಯ ಒಬ್ಬರು ತಮಿಳಿನಲ್ಲಿ ಎರಡು ನೋಟ್‌ಬುಕ್ ತುಂಬ ಪದಗಳನ್ನು ಬರೆದಿಟ್ಟಿದ್ದಾರೆ. ತಮಿಳು ಲಿಪಿಯಲ್ಲಿ ತ ಮತ್ತು ದ ಎರಡಕ್ಕೂ ಒಂದೇ ಅಕ್ಷರ, ಕನ್ನಡಕ್ಕೆ ಯಂತ್ರದಿಂದ ಲಿಪ್ಯಂತರಿಸಿದರೆ ದಮ್ಮು ತಮ್ಮು ಆಗಿ ಬರುತ್ತದೆ, ಅಂದರೆ ಡಿಕ್ಕಿಯೇ ಆಗುವುದಿಲ್ಲ, ಎರಡೂ ಬೇರೆ ಬೇರೆ ಕೀಲಿಗಳಾಗಿ ದೂರ ದೂರ ಕೂರುತ್ತವೆ. ತ ಮತ್ತು ದ ಒಂದೇ ಎಂದು ಫಂಕ್ಷನ್ ಬರೆದರೆ ಕನ್ನಡದ ದನ ತನವಾಗುತ್ತದೆ. ಬರೆದದ್ದನ್ನು ಬಿಟ್ಟು ಹೇಳಿದ್ದನ್ನೇ ಕೀಲಿ ಮಾಡಿಕೊಳ್ಳುವುದು ಸದ್ಯಕ್ಕೆ ತೋಚಿದ ದಾರಿ. ನೋಟ್‌ಬುಕ್‌ನ ಒಂದೊಂದು ಪದವನ್ನೂ ಅವರೇ ಓದಿ ಹೇಳಬೇಕು, ನಾನು ರೆಕಾರ್ಡ್ ಮಾಡಿಕೊಳ್ಳಬೇಕು. ಅವರಿಗೂ ಉಸಿರು ಸಾಲದು. ಒಂದು ಸಲಕ್ಕೆ ನಲವತ್ತು ಪದ, ಮೇಲೆ ಬೇಡ ಎಂದಿದ್ದಾರೆ. ಈ ಭಾನುವಾರ ಮೊದಲ ನಲವತ್ತು.